ಫ್ಯಾಂಟಸಿ ಲೋಕಕ್ಕೆ ಸುಗ್ಗಿಯ ದೇವತೆಯನ್ನು ಕಟ್ಟುವುದು ಹೇಗೆ? ಬೆಳೆಯಿಂದ ಶುರು ಮಾಡಿ

ನೀವು ಕಥೆ ಬರೆಯುತ್ತಿರಬಹುದು, ಗೆಳೆಯರ ಜೊತೆ ಆಡೋಕೆ ರೋಲ್‌ಪ್ಲೇ ಗೇಮ್ ಕಟ್ಟುತ್ತಿರಬಹುದು. ಪ್ರಕೃತಿ ಮತ್ತು ಸುಗ್ಗಿಯ ದೇವತೆ ಅಂದ ಕೂಡಲೇ ಬಹಳ ಜನರ ಮನಸ್ಸಿಗೆ ಬರುವುದು ಒಂದೇ ಚಿತ್ರ. ಹಸಿರು ಬಟ್ಟೆ, ತಲೆ ಮೇಲೆ ಹೂವಿನ ಕಿರೀಟ, ಕೈಯಲ್ಲಿ ತೆನೆ, ಮುಖದ ತುಂಬ ಕರುಣೆ. ಅವಳು ಹರಸುತ್ತಾಳೆ, ಬೆಳೆ ಬರುತ್ತದೆ. ಮುಗೀತು. ಇಂಥ ದೇವತೆಯಿಂದ ಕಥೆ ಹುಟ್ಟುವುದಿಲ್ಲ, ಯಾಕೆಂದರೆ ಅವಳಿಗೆ ಯಾರಿಂದಲೂ ಏನೂ ಬೇಕಿಲ್ಲ. ಹಾಗಾಗಿ ಕಟ್ಟುವ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳುತ್ತಾ ಹೋಗಿ: ಇದರಲ್ಲಿ ಅವಳ ಪಾಲು ಏನು?

ಮುಖ, ಬಟ್ಟೆ, ಆಯುಧ ಎಲ್ಲ ಆಮೇಲೆ. ಮೊದಲು ಬೆಳೆ ಆರಿಸಿ. ಸುಮ್ನೆ ‘ಧಾನ್ಯ’ ಅಂತ ಬರೆದರೆ ಆಗುವುದಿಲ್ಲ. ಭತ್ತವಾದರೆ ಗದ್ದೆಯಲ್ಲಿ ನೀರು ನಿಲ್ಲಬೇಕು, ಬದು ಗಟ್ಟಿ ಇರಬೇಕು, ನಾಟಿಗೆ ಹತ್ತು ಮನೆಯವರು ಕೂಡಬೇಕು, ಮೇಲಿನ ಗದ್ದೆಯವನು ನೀರು ಬಿಟ್ಟರೆ ಮಾತ್ರ ಕೆಳಗಿನವನಿಗೆ ಊಟ. ಆದ್ದರಿಂದ ಭತ್ತದ ದೇವತೆ ನೀರಿನ ಜಗಳಗಳ ನ್ಯಾಯಾಧೀಶೆಯೂ ಆಗಿಬಿಡುತ್ತಾಳೆ. ರಾಗಿ ಹಾಗಲ್ಲ. ಕಡಿಮೆ ಮಳೆಗೂ ಬರುತ್ತದೆ, ಹುಳ ಹಿಡಿಯುವುದು ಕಡಿಮೆ, ನಮ್ಮ ಕಡೆ ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಅಂಥ ಬೆಳೆಯ ದೇವತೆ ನೆಲದ ಕೆಳಗೆ ಇರುವವಳು, ಹಳೆಯದನ್ನೆಲ್ಲ ನೆನಪಿಟ್ಟುಕೊಂಡವಳು, ಬರಗಾಲದ ವರ್ಷದಲ್ಲಿ ಮಾತ್ರ ಬಾಗಿಲು ತೆರೆಯುವವಳು. ಬೆಳೆ ಬದಲಾದರೆ ಸ್ವಭಾವವೇ ಬದಲಾಗುತ್ತದೆ, ನೋಡಿ.

ಕೊಯ್ಲಿನ ಸಲಕರಣೆಯನ್ನೂ ಆಗಲೇ ಯೋಚಿಸಿ. ಜಾವಾ, ಬಾಲಿ ದ್ವೀಪಗಳಲ್ಲಿ ಭತ್ತದ ದೇವತೆಗೆ ದೇವಿ ಶ್ರೀ ಅಂತ ಹೆಸರು. ಅಲ್ಲಿ ಹೆಂಗಸರು ಹಿಂದೆ ಆನಿ-ಆನಿ ಎಂಬ ಪುಟ್ಟ ಚಾಕುವಿನಿಂದ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು ಅದು. ದೊಡ್ಡ ಕುಡುಗೋಲು ಕಂಡರೆ ಭತ್ತದ ಜೀವ ಬೆದರುತ್ತದೆ ಎಂಬ ನಂಬಿಕೆ. ದೇವತೆ ಎಷ್ಟು ನಾಜೂಕಿನವಳು, ಜನ ಅವಳನ್ನು ಎಷ್ಟು ಹುಷಾರಾಗಿ ನೋಡಿಕೊಳ್ಳುತ್ತಾರೆ ಎಂಬುದೆಲ್ಲ ಆ ಚಾಕುವಿನಲ್ಲೇ ಇದೆ. ನಿಮ್ಮ ಲೋಕದಲ್ಲೂ ಇಂಥ ಒಂದು ವಸ್ತು ಇರಲಿ. ಹತ್ತು ಪುಟದ ಪುರಾಣಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಉದಾಹರಣೆಗೆ ಇಲ್ಲೇ ಒಬ್ಬಳನ್ನು ಕಟ್ಟೋಣ. ಎತ್ತರದ ಒಣ ಬಯಲು, ವರ್ಷಕ್ಕೆ ಒಂದೇ ಮಳೆಗಾಲ, ಅದೂ ಚಿಕ್ಕದು. ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುವ ನವಣೆ ಅಲ್ಲಿಗೆ ಸರಿ. ನವಣೆ ಹೊಲದ ದೊಡ್ಡ ಕಾಟ ಹಕ್ಕಿಗಳು. ದೇವತೆಯ ಹೆಸರು ನವಣವ್ವ ಅಂತಿರಲಿ. ಉದ್ದುದ್ದ ಬಿರುದು ಅರಮನೆಯ ಪುರೋಹಿತರಿಗೆ ಬಿಡಿ. ಹೊಲದಲ್ಲಿ ಬೆವರು ಸುರಿಸುವವರು ದೇವತೆಯನ್ನು ಅವ್ವ, ಅಮ್ಮ ಅಂತಲೇ ಕರೆಯುತ್ತಾರೆ.

ಇನ್ನು ಕ್ಯಾಲೆಂಡರ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಬಹಳ ಕಥೆಗಳಲ್ಲಿ ಸುಗ್ಗಿ ದೇವತೆಗೆ ವರ್ಷಕ್ಕೆ ಒಂದೇ ಹಬ್ಬ, ಕೊಯ್ಲು ಮುಗಿದ ಮೇಲೆ ಕುಣಿತ ಮತ್ತು ಊಟ. ಆದರೆ ರೈತನಿಗೆ ಭಯ ಇರುವುದು ಕೊಯ್ಲಿಗೆ ಮೊದಲು ಅಲ್ವಾ? ದೇವರು ಬೇಕಾಗುವುದೂ ಆಗಲೇ. ಮಲೆನಾಡಿನ ಭೂಮಿ ಹುಣ್ಣಿಮೆ ನೋಡಿ. ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತು ಅದು. ಭೂಮಿಯನ್ನು ಬಸುರಿ ಎಂದೇ ಭಾವಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ಹೊತ್ತು ಗದ್ದೆಗೆ ಹೋಗಿ ಬಯಕೆ ತೀರಿಸುತ್ತಾರೆ. ಕಲಬುರಗಿ, ಬೀದರ್, ವಿಜಯಪುರದ ಕಡೆ ಎಳ್ಳಮಾವಾಸ್ಯೆಗೆ ಜೋಳ ಹೊಲದಲ್ಲೇ ನಿಂತಿರುತ್ತದೆ. ಮನೆಮಂದಿಯೆಲ್ಲ ಸಜ್ಜೆ ಕಡುಬು, ಭಜ್ಜಿ ಕಟ್ಟಿಕೊಂಡು ಹೋಗಿ, ಹೊಲದಲ್ಲಿ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ತಂದ ಅಡುಗೆಯನ್ನು ಬೆಳೆಯ ನಡುವೆ ಚರಗವಾಗಿ ಚೆಲ್ಲುತ್ತಾರೆ. ತುಳುನಾಡಿನ ಕೆಡ್ಡಸ ಇನ್ನೂ ಬೇರೆ. ಭೂಮಿ ಮುಟ್ಟಾಗುವ ಆ ಮೂರು ದಿನ ನೆಲ ಉಳುವಂತಿಲ್ಲ, ಅಗೆಯುವಂತಿಲ್ಲ. ಕೊನೆಗೆ ಹೆಂಗಸರು ನೆಲಕ್ಕೆ ಎಣ್ಣೆ ಬಿಡುತ್ತಾರೆ. ಒಡಿಶಾದ ರಜೊ ಹಬ್ಬದಲ್ಲೂ ಇದೇ ಭಾವನೆ, ಮಳೆಗಾಲದ ಹೊಸ್ತಿಲಲ್ಲಿ ಮೂರು ದಿನ ಭೂಮಿಗೆ ರಜೆ.

ಈ ಹಬ್ಬಗಳನ್ನು ಹೆಸರು ಬದಲಿಸಿ ನಿಮ್ಮ ಲೋಕಕ್ಕೆ ಎತ್ತಿ ಹಾಕಬೇಡಿ. ಇವು ಬದುಕಿರುವ ಆಚರಣೆಗಳು, ನಡೆಸಿಕೊಂಡು ಬಂದ ಜನ ಇದ್ದಾರೆ. ಕಲಿಯಬೇಕಾದ್ದು ಒಳಗಿನ ಲೆಕ್ಕ: ದೇವತೆಗೆ ಹಸಿವಾಗುವ ದಿನ ಇದೆ, ದಣಿವಾಗುವ ದಿನ ಇದೆ, ಅವಳನ್ನು ಮುಟ್ಟಬಾರದ ದಿನ ಇದೆ. ನವಣವ್ವನಿಗೆ ಒಂದು ‘ಮೌನದ ವಾರ’ ಇರಲಿ. ತೆನೆಗೆ ಹಾಲು ತುಂಬುವ ಆ ವಾರ ಹೊಲದಲ್ಲಿ ಯಾರೂ ಕೂಗುವಂತಿಲ್ಲ, ಹಕ್ಕಿ ಓಡಿಸೋಕೆ ಕವಣೆ ಬೀಸುವಂತಿಲ್ಲ. ಹಕ್ಕಿಗಳು ತಿಂದಷ್ಟು ಅವಳ ಪಾಲು. ಅದೇ ವಾರದಲ್ಲಿ ಶತ್ರುಸೈನ್ಯ ಗಡಿ ದಾಟಿ ಬಂದರೆ, ಕೂಗಿ ಎಚ್ಚರಿಸುವವರು ಯಾರು? ಹಬ್ಬದಿಂದಲೇ ಕಥೆ ಬಂತು.

ಮಳೆಗಳಿಗೂ ಹೆಸರಿಡಿ. ನಮ್ಮಲ್ಲಿ ಪ್ರತಿ ಮಳೆನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ, ಒಂದೊಂದಕ್ಕೂ ಗಾದೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬ ಒಂದು ಸಾಲಿನಲ್ಲಿ ಎಷ್ಟು ಆತಂಕ ಇದೆ! ನಿಮ್ಮ ಪಾತ್ರಗಳ ಬಾಯಲ್ಲೂ ಇಂಥ ಮೂರ್ನಾಲ್ಕು ಗಾದೆ ಇದ್ದರೆ ಸಾಕು, ಲೋಕ ನಿಜ ಅನ್ನಿಸುತ್ತದೆ.

ಈಗ ಕಣಕ್ಕೆ ಬನ್ನಿ. ರಾಶಿ ಆದ ಮೇಲೆ ಧಾನ್ಯ ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಬರೆಯದೆ ಬಿಟ್ಟರೆ ನಿಮ್ಮ ದೇವತೆ ಅರ್ಧಕ್ಕೇ ನಿಂತುಹೋಗುತ್ತಾಳೆ. ನಮ್ಮ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ, ಕುಂಬಾರ, ಅಗಸ ಮುಂತಾದ ಆಯಗಾರರಿಗೆ ವರ್ಷದ ದುಡಿಮೆಗೆ ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರು. ಕೊಳಗದಲ್ಲಿ ಅಳೆಯುವಾಗ ಮೊದಲನೆಯದನ್ನು ಒಂದು ಅನ್ನದೆ ‘ಲಾಭ’ ಅಂತ ಎಣಿಸುತ್ತಿದ್ದರು. ಪಾಲು ಕಡಿಮೆ ಅಳೆದವನು ಯಾರು, ಅದನ್ನು ನೋಡಿಯೂ ಸುಮ್ಮನಿದ್ದವರು ಯಾರು? ನವಣವ್ವನ ಕಲ್ಲನ್ನು ಗುಡಿಯಲ್ಲಿಡದೆ ಕಣದ ನಡುವೆ ಇಡಿ. ಆಗ ದೊಡ್ಡ ಹಿಡುವಳಿದಾರ ಅವಳ ಎದುರಲ್ಲೇ ಮೋಸ ಮಾಡಬೇಕಾಗುತ್ತದೆ, ಕೂಲಿಯವಳು ಅವಳ ಎದುರಲ್ಲೇ ಸೆರಗೊಡ್ಡಬೇಕಾಗುತ್ತದೆ. ದೇವತೆ ಯಾರ ಕಡೆ ಎಂಬುದನ್ನು ನೀವು ತೀರ್ಮಾನಿಸಲೇಬೇಕು. ನಾನಂತೂ ಸೆರಗೊಡ್ಡಿದವಳ ಕಡೆ ಇಡುತ್ತೇನೆ.

ಅವಳು ‘ಕೊಡಲ್ಲ’ ಅನ್ನಬಲ್ಲವಳೂ ಆಗಿರಬೇಕು. ಗ್ರೀಕರ ಸುಗ್ಗಿ ದೇವತೆ ಡಿಮೀಟರ್ ಕಥೆ ಇದಕ್ಕೆ ಒಳ್ಳೆಯ ಪಾಠ. ಮಗಳು ಪರ್ಸೆಫೊನಿಯನ್ನು ಪಾತಾಳದ ಹೇಡೀಸ್ ಹೊತ್ತೊಯ್ದಾಗ ಅವಳು ಯುದ್ಧಕ್ಕೆ ಹೋಗುವುದಿಲ್ಲ. ಬೀಜ ಮೊಳೆಯದಂತೆ ಮಾಡಿ ಸುಮ್ಮನೆ ಕೂರುತ್ತಾಳೆ. ಮನುಷ್ಯರು ಸಾಯತೊಡಗುತ್ತಾರೆ, ದೇವರುಗಳಿಗೆ ಬರುವ ನೈವೇದ್ಯವೂ ನಿಲ್ಲುತ್ತದೆ, ಆಗ ದೇವರುಗಳ ರಾಜ ಜ್ಯೂಸ್ ಬಗ್ಗುತ್ತಾನೆ. ಮಗಳು ದಾಳಿಂಬೆ ತಿಂದಿದ್ದರಿಂದ ವರ್ಷದ ಒಂದು ಭಾಗ ಪಾತಾಳದಲ್ಲೇ ಕಳೆಯಬೇಕು, ಅದು ಬೇರೆ ಮಾತು. ಒಂದು ಬಾಣವನ್ನೂ ಬಿಡದೆ ಎಲ್ಲ ದೇವರ ಪಾಲನ್ನೂ ನಿಲ್ಲಿಸಿ ಗೆಲ್ಲುತ್ತಾಳಲ್ಲ, ಸುಗ್ಗಿ ದೇವತೆಯ ಶಕ್ತಿ ಅಂದರೆ ಅದು. ಇದಕ್ಕೆ ಎದುರಾಗಿ ನಮ್ಮ ಶಾಕಂಭರಿ ಇದ್ದಾಳೆ, ಬಾದಾಮಿಯ ಬನಶಂಕರಿಯನ್ನು ಕರೆಯುವುದೂ ಆ ಹೆಸರಿನಿಂದಲೇ. ನೂರು ವರ್ಷದ ಬರದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಲೋಕ ಉಳಿಸಿದವಳು ಅವಳು. ಒಬ್ಬಳು ತಡೆಹಿಡಿಯುತ್ತಾಳೆ, ಇನ್ನೊಬ್ಬಳು ತನ್ನನ್ನೇ ಕೊಡುತ್ತಾಳೆ. ನಿಮ್ಮವಳು ಎರಡನ್ನೂ ಮಾಡಬಹುದು, ಆದರೆ ಯಾವಾಗ ಯಾವುದು ಎಂಬುದಕ್ಕೆ ನಿಯಮ ಇರಲಿ.

ಕಾಡು ಮತ್ತು ಹೊಲ ಎರಡಕ್ಕೂ ಅವಳೇ ಒಡತಿಯಾದರೆ ಅವಳ ಒಳಗೇ ಒಂದು ಜಗಳ ಇರುತ್ತದೆ. ಕಾಡು ಕಡಿಯದೆ ಹೊಸ ಹೊಲ ಇಲ್ಲ. ಇದನ್ನು ಮುಚ್ಚಿಡಬೇಡಿ. ಕೊಡಗಿನ ದೇವರಕಾಡುಗಳಲ್ಲಿ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಊರಿನ ಪಕ್ಕದಲ್ಲೇ ಒಂದಿಷ್ಟು ಕಾಡು ದೇವರ ಪಾಲಾಗಿ ನಿಂತಿರುತ್ತದೆ. ನಿಮ್ಮ ಮ್ಯಾಪಿನಲ್ಲೂ ಪ್ರತಿ ಊರಿನ ಪಕ್ಕ ಅಂಥ ಒಂದು ತುಂಡು ಗುರುತಿಸಿ. ಆಮೇಲೆ ಜನಸಂಖ್ಯೆ ಹೆಚ್ಚಿಸಿ ನೋಡಿ.

ಗೇಮ್ ಕಟ್ಟುವವರಿಗೆ ಒಂದು ಮಾತು. ಅವಳ ಭಕ್ತರ ಮಂತ್ರಶಕ್ತಿ ಬೆಳೆಯ ವೇಗದಲ್ಲೇ ಕೆಲಸ ಮಾಡಲಿ. ಕೈ ಎತ್ತಿದ ಕೂಡಲೇ ಹೊಲ ತುಂಬುವುದು ಬೇಡ. ತುಂಬಿಸಲೇಬೇಕಾದರೆ ಆ ನೆಲ ಮುಂದಿನ ಕೆಲವು ವರ್ಷ ಬಂಜರು ಬೀಳಲಿ, ಮಣ್ಣಿನ ಸಾರವೆಲ್ಲ ಒಂದೇ ಸಲಕ್ಕೆ ಹೋಯಿತಲ್ಲ. ಆಗ ಆಟಗಾರರು ಆ ಮಂತ್ರ ಬಳಸುವ ಮುಂಚೆ ಊರಿನವರನ್ನು ಕೇಳಬೇಕಾಗುತ್ತದೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಬರದ ಎರಡನೇ ವರ್ಷ ಅಂದುಕೊಳ್ಳಿ. ಮನೆಯಲ್ಲಿ ಉಳಿದಿರುವುದು ಬಿತ್ತನೆಯ ಬೀಜ ಮಾತ್ರ. ಮಕ್ಕಳು ಹಸಿದಿದ್ದಾರೆ. ಆ ಬೀಜವನ್ನು ಕುಟ್ಟಿ ಅಂಬಲಿ ಕಾಯಿಸಬೇಕೋ, ಹೊಲಕ್ಕೆ ಚೆಲ್ಲಿ ಮಳೆಗೆ ಕಾಯಬೇಕೋ? ಒಬ್ಬ ತಾಯಿ ನವಣವ್ವನ ಕಲ್ಲಿನ ಮುಂದೆ ನಿಂತು ಇದನ್ನು ಕೇಳುವ ಒಂದು ಪುಟ ಬರೆಯಿರಿ. ದೇವತೆಯ ಉತ್ತರ ಏನೆಂದು ನಿಮಗೆ ಹೊಳೆಯದಿದ್ದರೆ ಅವಳ ಪಾಲಿನ ಲೆಕ್ಕ ಇನ್ನೂ ಸರಿಹೋಗಿಲ್ಲ. ಕ್ಯಾಲೆಂಡರಿಗೂ ಕಣಕ್ಕೂ ವಾಪಸ್ ಹೋಗಿ ಅಲ್ಲಿಂದ ಮತ್ತೆ ಕಟ್ಟಿ.