ಜಪಾನಿಯ ‘ಚೊತ್ತೊ’: ನಮ್ಮ ‘ಚೂರು’ ಎಲ್ಲೀವರೆಗೆ ಜೊತೆಗೆ ಬರುತ್ತೆ?

‘ಚೂರು ಬಾಗಿಲು ಹಾಕಿ’ ಅಂದರೆ ಬಾಗಿಲನ್ನು ಅರ್ಧ ಹಾಕಿ ಅಂತ ಶಿವಮೊಗ್ಗದಲ್ಲಿ ಯಾರೂ ತಿಳಿಯೋದಿಲ್ಲ. ಕೇಳೋದು ಮೆತ್ತಗಿರಲಿ ಅಂತ ಆ ‘ಚೂರು’. ಜಪಾನಿಯ ‘ಚೊತ್ತೊ’ ದಿನದ ಮಾತಿನಲ್ಲಿ ಹೆಚ್ಚಾಗಿ ಮಾಡೋದೂ ಇದೇ ಕೆಲಸ.

ಮೊದಲು ಉಚ್ಚಾರ. ಇಂಗ್ಲಿಷ್ ಅಕ್ಷರದಲ್ಲಿ ಓದಿದವರು ‘ಚೊಟ್ಟೊ’ ಅನ್ನುತ್ತಾರೆ. ಅದು ಟ ಅಲ್ಲ. ‘ಹತ್ತು’, ‘ಕತ್ತಿ’ಯ ತ್ತ. ಚೊ, ತ್, ತೊ ಎಂದು ಮೂರು ತಾಳ, ನಡುವಿನ ತಡೆಗೂ ಪೂರ್ತಿ ಒಂದು ತಾಳ.

ಜಾಗ ನಮ್ಮಲ್ಲಿದ್ದ ಹಾಗೇ, ಕ್ರಿಯಾಪದಕ್ಕೆ ಮುಂಚೆ. ‘ಚೊತ್ತೊ ಮತ್ತೆ ಕುದಸಾಯ್’ ಅಂದರೆ ‘ಚೂರು ತಡೀರಿ’. ಈ ‘ಮತ್ತೆ’ಗೂ ನಮ್ಮ ‘ಮತ್ತೆ’ಗೂ ಸಂಬಂಧ ಇಲ್ಲ, ಮ ಹೇಳುವಾಗ ‘ಮಾ’ಗೆ ತೆರೆದಷ್ಟು ಬಾಯಿ ತೆರೆದು, ಎಳೆಯದೆ ಬಿಡಿ. ‘ಕುದಸಾಯ್’ ಕೈಬಿಟ್ಟರೆ ‘ಚೂರು ತಡಿಯೋ’ ಅಂದ ಹಾಗೆ, ಗೆಳೆಯರಿಗೆ ಮಾತ್ರ. ಅಂಗಡಿಯವರು ಗಿರಾಕಿಗೆ ಹೇಳೋದು ‘ಶೋಶೋ ಒಮಚಿ ಕುದಸಾಯ್’.

ತೀರ್ಥಹಳ್ಳಿ ಬಸ್ಸಿಗೆ ನಿಂತಾಗ ‘ಎಲ್ಲಿಗೆ ಹೊರಟ್ರಿ?’ ಅಂದರೆ ‘ಇಲ್ಲೇ ಚೂರು ಹೋಗ್ಬರ್ತೀನಿ’ ಅನ್ನುತ್ತೀವಲ್ಲ, ಜಪಾನಿಯಲ್ಲೂ ಅದೇ: ‘ಚೊತ್ತೊ ಸೊಕೊ ಮದೆ’. ಕೇಳಿದವರಿಗೂ ಊರ ಹೆಸರು ಬೇಕಾಗಿರೋದಿಲ್ಲ.

ಎಡವೋದು ಇಲ್ಲಿಂದ ಮುಂದೆ. ಶನಿವಾರ ಬನ್ನಿ ಅಂತ ಕರೆದಾಗ ಅವರು ‘ದೊಯೋಬಿ ವ ಚೊತ್ತೊ...’ ಎಂದು ದನಿ ಇಳಿಸಿ ನಿಲ್ಲಿಸಿದರೆ ಮಾತು ಅಲ್ಲಿಗೆ ಮುಗಿಯಿತು: ಆಗಲ್ಲ. ನಾವಾದರೆ ‘ಯಾಕೆ, ಅಡಿಕೆ ಸುಲಿಯೋದಿದ್ಯಾ?’ ಅಂತ ವಿಚಾರಿಸುತ್ತೀವಿ, ಅದು ನಮಗೆ ಅಕ್ಕರೆ. ಅಲ್ಲಿ ಕಾರಣ ಕೆದಕಬಾರದು. ‘ಹಾಗಾದ್ರೆ ಇನ್ನೊಮ್ಮೆ ನೋಡೋಣ’ ಅಂದುಬಿಡಿ. ಆಫೀಸಿನಲ್ಲಿ ‘ಚೊತ್ತೊ ಮುಜ಼ುಕಶೀ ದೆಸ್’, ಅಂದರೆ ‘ಚೂರು ಕಷ್ಟ’, ಬಂತೆಂದರೆ ಅದೂ ಬಹುತೇಕ ಇಲ್ಲವೆಂದೇ. ಇನ್ನೊಂದು ಸಲ ಒತ್ತಾಯ ಮಾಡಿದರೆ ಇರುವ ವಿಶ್ವಾಸವೂ ಹೋಗುತ್ತದೆ.

ಇನ್ನೊಂದು ತಪ್ಪು ಕನ್ನಡದಿಂದಲೇ ಬರೋದು. ‘ಚೂರೂ ಗೊತ್ತಿಲ್ಲ’ ಅನ್ನೋದಕ್ಕೆ ‘ಚೊತ್ತೊ ವಕರಿಮಸೆನ್’ ಅನ್ನಬೇಡಿ. ಅದರ ಅರ್ಥ ‘ಗೊತ್ತಿಲ್ಲ’ ಅನ್ನೋದನ್ನೇ ನಯವಾಗಿ ಹೇಳಿದ್ದು, ಅಷ್ಟೇ. ‘ಚೂರೂ’ ಬೇಕಾದರೆ ‘ಜ಼ೆನ್‌ಜ಼ೆನ್ ವಕರಿಮಸೆನ್’. ಹಾಗೇ, ಯಾರನ್ನಾದರೂ ಕರೆಯೋಕೆ ಬರೀ ‘ಚೊತ್ತೊ!’ ಅಂದರೆ ‘ಏಯ್’ ಅಂದ ಹಾಗಾಗುತ್ತೆ. ‘ಸುಮಿಮಸೆನ್, ಚೊತ್ತೊ ಈ ದೆಸ್ ಕಾ?’ ಅನ್ನಿ: ‘ಒಂದ್ನಿಮಿಷ ಮಾತಾಡಬಹುದಾ?’

ಅಭ್ಯಾಸಕ್ಕೆ ಮನೆಯಲ್ಲಿ ದಿನಾ ಆಡುವ ಐದು ‘ಚೂರು’ ಮಾತುಗಳನ್ನು ಆರಿಸಿ, ಒಂದು ವಾರ ಅವನ್ನೇ ಗಟ್ಟಿಯಾಗಿ ಹೇಳಿ. ‘ಚೂರು ನೋಡಿ’ ಅನ್ನೋದು ‘ಚೊತ್ತೊ ಮಿತೆ ಕುದಸಾಯ್’. ಜಪಾನಿ ಲಿಪಿ ಕೈಗೆ ಬರುವ ತನಕ ಕನ್ನಡ ಅಕ್ಷರದಲ್ಲೇ ಬರೆದಿಟ್ಟುಕೊಳ್ಳಿ. ‘ಕಿತೆ’ ಅಂದರೆ ಬಾ, ‘ಕೀತೆ’ ಅಂದರೆ ಕೇಳು, ‘ಕಿತ್ತೆ’ ಅಂದರೆ ಕತ್ತರಿಸು. ಈ ದೀರ್ಘ, ಈ ಒತ್ತು ನಮ್ಮ ಕಣ್ಣಿಗೂ ಕಿವಿಗೂ ಮೊದಲೇ ಪಳಗಿವೆ.