ಆಲ್ಬೇರ್ ಲೋಂದ್ರನ ಬದುಕನ್ನು ಹಳೇ ಪತ್ರಿಕೆಗಳಿಂದ ಬರೆದದ್ದು: ನನ್ನ ಅನುಭವ

ನಾನು ಕನ್ನಡದಲ್ಲಿ ಬರೆದ ಲೋಂದ್ರನ ಜೀವನಚರಿತ್ರೆಯ ಮೊದಲ ಮುದ್ರಣದ 500 ಪ್ರತಿ ಹೆಚ್ಚುಕಮ್ಮಿ ಖಾಲಿಯಾಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. "ಸತ್ತು ತೊಂಬತ್ತು ವರ್ಷ ದಾಟಿದ ಫ್ರೆಂಚ್ ಪತ್ರಕರ್ತನ ಕಥೆ ಕನ್ನಡದಲ್ಲಿ ಯಾರಿಗ್ರೀ ಬೇಕು?" ಎಂದು ಕೇಳಿದವರೇ ಜಾಸ್ತಿ. ಅನುವಾದ ಮಾಡುವ ಗೆಳೆಯರ ತಕರಾರು ಬೇರೆ. ಜೀವನಚರಿತ್ರೆ ಅಂದರೆ ಹುಟ್ಟಿನಿಂದ ಶುರುವಾಗಬೇಕು, ರದ್ದಿ ಪೇಪರಿನಿಂದಲ್ಲ ಅಂತ. ನಾನು ರದ್ದಿ ಪೇಪರಿನಿಂದಲೇ ಬರೆದೆ.

ಹುಟ್ಟಿನಿಂದಲೂ ಬರೆದು ನೋಡಿದ್ದೆ, ಹಾಗೇನಿಲ್ಲ. 1884ರಲ್ಲಿ ವಿಶಿ ಊರಿನಲ್ಲಿ ಹುಟ್ಟು. ಲಿಯೋಂ ನಗರದ ಗಣಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕವಿಯಾಗುವ ಹುಚ್ಚು. 1904ರಲ್ಲಿ ಮೊದಲ ಕವನ ಸಂಕಲನ ಬಂತು, ಅದೇ ವರ್ಷ ಮಗಳು ಫ್ಲೋರೀಸ್ ಹುಟ್ಟಿದಳು. ಮರುವರ್ಷ ಮಗುವಿನ ತಾಯಿ ತೀರಿಕೊಂಡಳು. ಇದನ್ನೆಲ್ಲ ಸುಮಾರು ಅರವತ್ತು ಪುಟ ಬರೆದೆ. ಓದಲು ಕೊಟ್ಟವರು ಇಪ್ಪತ್ತು ಪುಟ ದಾಟಲಿಲ್ಲ. ಅವರನ್ನು ದೂರುವುದು ಹೇಗೆ? ಲೋಂದ್ರ ಆಗ ‘ಲ ಮತಾಂ’ ಪತ್ರಿಕೆಗೆ ಸಂಸತ್ತಿನ ಸುದ್ದಿ ಬರೆಯುತ್ತಿದ್ದ. ವರದಿಯ ಕೆಳಗೆ ಅವನ ಹೆಸರು ಕೂಡ ಇರುತ್ತಿರಲಿಲ್ಲ. ಹೆಸರಿಲ್ಲದ ವರದಿಗಾರನ ಹಿಂದೆ ಓದುಗ ಎಷ್ಟು ದೂರ ಬರುತ್ತಾನೆ?

ಹೆಸರು ಬಂದಿದ್ದು 1914ರ ಸೆಪ್ಟೆಂಬರಿನಲ್ಲಿ. ಜರ್ಮನ್ನರ ಫಿರಂಗಿಗೆ ರೇಮ್ಸ್ ಕ್ಯಾಥೆಡ್ರಲ್ ಹೊತ್ತಿ ಉರಿಯಿತು. ಅದನ್ನು ಕಂಡು ಬರೆದವನ ಹೆಸರು ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಮೊದಲ ಅಧ್ಯಾಯ ಅಲ್ಲಿಂದಲೇ. ಅರವತ್ತು ಪುಟ ಒಂದೂವರೆ ಪುಟಕ್ಕೆ ಇಳಿಯಿತು, ಅದೂ ಮೂರನೇ ಅಧ್ಯಾಯದ ಮಧ್ಯದಲ್ಲೆಲ್ಲೋ ಕೂತಿದೆ.

ಹಳೇ ಪತ್ರಿಕೆಗಳೆಲ್ಲ ಸಿಕ್ಕಿದ್ದು ಗಾಲಿಕಾದಲ್ಲಿ. ಹಳೇ ಪತ್ರಿಕೆ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿರುವ ಜಾಲತಾಣ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ್ದು, ಪುಕ್ಕಟೆ. ನಾವು ಸಾಮಾನ್ಯವಾಗಿ ಬೇಕಾದ ಲೇಖನ ಹುಡುಕಿ ಕತ್ತರಿಸಿಕೊಳ್ಳುತ್ತೇವೆ, ಅಲ್ವಾ? ನಾನು ಇಡೀ ಪುಟ ಓದಿದೆ. ಪಕ್ಕದ ಜಾಹೀರಾತು, ಕೊಲೆ ಸುದ್ದಿ, ಹವಾಮಾನ ಎಲ್ಲ. ‘ಲ ಪೆತಿ ಪಾರಿಸಿಯಾಂ’ ಪತ್ರಿಕೆ ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ಪ್ರಸಾರ ತನ್ನದೇ ಎಂದು ತಲೆಯ ಮೇಲೆ ಅಚ್ಚು ಹಾಕಿಕೊಳ್ಳುತ್ತಿತ್ತು. ಅಂಥ ಪತ್ರಿಕೆಯಲ್ಲಿ 1923ರ ಆಗಸ್ಟಿನಲ್ಲಿ ಲೋಂದ್ರ ಬರೆದ ಫ್ರೆಂಚ್ ಗಯಾನಾದ ಕೈದಿಗಳ ಕಥೆ ದಿನವೂ ಬರತೊಡಗಿತು. ಫ್ರಾನ್ಸ್ ತನ್ನ ಕೈದಿಗಳನ್ನು ಸಾಗಹಾಕುತ್ತಿದ್ದ ದಕ್ಷಿಣ ಅಮೆರಿಕದ ವಸಾಹತು ಅದು. ಶಿಕ್ಷೆ ಎಂಟು ವರ್ಷಕ್ಕಿಂತ ಕಮ್ಮಿ ಇದ್ದರೆ, ಮುಗಿದ ಮೇಲೆ ಇನ್ನೂ ಅಷ್ಟೇ ವರ್ಷ ಅಲ್ಲೇ ಕೊಳೆಯಬೇಕು. ಎಂಟು ಅಥವಾ ಜಾಸ್ತಿ ಆದರೆ ಸಾಯುವ ತನಕ. ಜೈಲಿನಿಂದ ಬಿಡುಗಡೆಯಾದವನೇ ಬೀದಿಯಲ್ಲಿ ಹಸಿದು ಬಿದ್ದಿರುತ್ತಿದ್ದ. ಇದನ್ನೆಲ್ಲ ಬರೆದು, ಕೊನೆಗೆ ವಸಾಹತು ಮಂತ್ರಿ ಆಲ್ಬೇರ್ ಸಾರೋಗೆ ಬಹಿರಂಗ ಪತ್ರವನ್ನೂ ಬರೆದ.

ಪ್ರತಿ ಅಧ್ಯಾಯಕ್ಕೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಪ್ರಶ್ನೆಗಳು ಇಷ್ಟೇ: ಈ ಸಲ ಇವನನ್ನು ಕಳಿಸಿದ್ದು ಯಾರು, ಬರೆದ ಮೇಲೆ ಯಾರಿಗೆ ಉರಿಯಿತು, ಆಮೇಲೆ ಏನಾಯಿತು. ಉರಿದವರ ಪಟ್ಟಿಯೇ ಪುಸ್ತಕವನ್ನು ಎಳೆದುಕೊಂಡು ಹೋಯಿತು. 1919ರಲ್ಲಿ, ಶಾಂತಿ ಒಪ್ಪಂದದ ಬಗ್ಗೆ ಇಟಲಿಯವರಿಗೆ ಅಸಮಾಧಾನ ಇದೆ ಎಂದು ಬರೆದದ್ದಕ್ಕೆ ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೋ ಸಿಟ್ಟಾದ, ‘ಲ ಪೆತಿ ಜುರ್ನಾಲ್’ ಕೆಲಸ ಹೋಯಿತು. 1929ರಲ್ಲಿ ಫ್ರೆಂಚ್ ವಸಾಹತಿನ ಕಾಂಗೋ-ಓಸೆಯಾಂ ರೈಲು ದಾರಿ ಕಟ್ಟುತ್ತಾ ಆಫ್ರಿಕನ್ನರು ಹೇಗೆ ಸಾಯುತ್ತಿದ್ದಾರೆ ಎಂದು ಬರೆದಾಗ ವಸಾಹತಿನ ದೊಡ್ಡವರೆಲ್ಲ ಮೈಮೇಲೆ ಬಿದ್ದರು. ಇನ್ನು ಆಮೇಲೆ ಏನಾಯಿತು ಎನ್ನುವುದಕ್ಕೆ ತಾಳ್ಮೆ ಬೇಕು. ಗಯಾನಾಕ್ಕೆ ಕೈದಿಗಳನ್ನು ಸಾಗಿಸುವುದು ಕಾನೂನಿನಲ್ಲಿ ನಿಂತಿದ್ದು 1938ರಲ್ಲಿ. ಕಡೆಯ ಕೈದಿಗಳು ಮರಳಿದ್ದು 1953ರಲ್ಲಿ. ಲೋಂದ್ರ ಅಷ್ಟರಲ್ಲಿ ಸತ್ತು ಇಪ್ಪತ್ತು ವರ್ಷ ಆಗಿತ್ತು.

ದ್ಯೂದೊನೇ ಎಂಬ ಕೈದಿಯ ಅಧ್ಯಾಯ ಬರೆಯುವಾಗ ಮಾತ್ರ, ಪ್ರವಾಸಕ್ಕೊಂದು ಅಧ್ಯಾಯ ಎಂಬ ನನ್ನ ಕ್ರಮ ಮುರಿದೆ. ಫ್ರಾನ್ಸಿನ ದರೋಡೆಕೋರರ ಬೊನೋ ಗ್ಯಾಂಗಿನವನೆಂದು ಶಿಕ್ಷೆಯಾದ ಆ ಮನುಷ್ಯನನ್ನು ಲೋಂದ್ರ ಗಯಾನಾದಲ್ಲಿ ಕಂಡಿದ್ದ. ಅವನು ತಪ್ಪಿಸಿಕೊಂಡು ಬ್ರೆಜಿಲ್ ಸೇರಿದ ಮೇಲೆ, 1927ರಲ್ಲಿ ಲೋಂದ್ರ ಅಲ್ಲಿಗೇ ಹೋಗಿ ಫ್ರಾನ್ಸಿಗೆ ಕರೆತಂದ. ಎರಡು ಪ್ರವಾಸ ಬೇರೆ ಬೇರೆ ಅಧ್ಯಾಯದಲ್ಲಿದ್ದರೆ ಕಥೆ ಸತ್ತುಹೋಗುತ್ತಿತ್ತು, ಸೇರಿಸಿಬಿಟ್ಟೆ. ಓದಿದವರೆಲ್ಲ ಫೋನ್ ಮಾಡಿದ್ದು ಈ ಅಧ್ಯಾಯಕ್ಕೇ.

ಈಗ ದುಡ್ಡು. ಲೋಂದ್ರ ಸತ್ತದ್ದು 1932ರಲ್ಲಿ, ಅವನ ಬರಹದ ಹಕ್ಕು ಅಲ್ಲೂ ಇಲ್ಲೂ ಮುಗಿದಿದೆ. ಅವನ ಮೇಲೆ ಇತ್ತೀಚೆಗೆ ಬಂದ ಪುಸ್ತಕಗಳ ಹಕ್ಕು ಹಾಗಲ್ಲ, ಹುಷಾರು. ನನ್ನ ಫ್ರೆಂಚ್ ಪಾಸ್ ಮಾರ್ಕಿನದು. ಪುದುಚೇರಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಅನುಮಾನದ ಸಾಲುಗಳನ್ನು ಕಳಿಸುತ್ತಿದ್ದೆ, ಒಟ್ಟು ಹದಿನೈದು ಸಾವಿರದ ಹತ್ತಿರ ಕೊಟ್ಟಿರಬೇಕು. ಡಿಟಿಪಿ, ಪ್ರೂಫ್, ಮುಖಪುಟ, ಮುದ್ರಣ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು. ಒಬ್ಬ ಪ್ರಕಾಶಕರು ಒಪ್ಪಿದ್ದರು, ಆದರೆ ಮುಖಪುಟದಲ್ಲಿ ಗಾಂಧಿ ಇರಬೇಕಂತೆ. ಲೋಂದ್ರ 1922ರಲ್ಲಿ ‘ಎಕ್ಸೆಲ್ಸಿಯೋರ್’ ಪತ್ರಿಕೆಗಾಗಿ ಜಪಾನ್, ಚೀನಾ ಸುತ್ತಿ ಭಾರತಕ್ಕೂ ಬಂದ, ಗಾಂಧಿ, ನೆಹರೂ, ಟಾಗೋರ್ ಬಗ್ಗೆ ಬರೆದ, ನಿಜ. ಆದರೆ ಅದು ಅವನ ಬದುಕಿನ ಒಂದು ಪ್ರವಾಸ ಅಷ್ಟೇ. ಒಪ್ಪಲಿಲ್ಲ, ಕೈಯಿಂದ ಹಾಕಿದೆ. ಬೆಲೆ 260 ಇಟ್ಟೆ. ಅಂಗಡಿಯವರ ಕಮಿಷನ್ ಕಳೆದು ಅಸಲು ಬಂದಿದೆ, ಮೇಲೆ ಒಂದಿಷ್ಟು ಸಾವಿರ. ಗ್ರಂಥಾಲಯದ ಸಗಟು ಖರೀದಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸುಮ್ನೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಮೆಷಿನ್ ಅನುವಾದಕ್ಕೆ ಹಾಕಿದೆ. ಲೋಂದ್ರನ ಚಾಟಿಯಂಥ ಗಿಡ್ಡ ವಾಕ್ಯಗಳು ಸರ್ಕಾರಿ ಸುತ್ತೋಲೆ ಆಗಿ ಬಂದವು. 1924ರ ಟೂರ್ ದ ಫ್ರಾನ್ಸ್ ಸೈಕಲ್ ರೇಸನ್ನು ರೇಡಿಯೋ ಕಾಮೆಂಟರಿ ಧಾಟಿಯಲ್ಲಿ ಬರೆದೆ. ಇದು ಭರ್ಜರಿಯಾಗಿ ಕೂತಿತು! ಹಿಂದಿನ ವರ್ಷ ಗೆದ್ದಿದ್ದ ಆನ್ರಿ ಪೆಲಿಸಿಯೇ, ಒಂದು ಜರ್ಸಿಯ ಜಗಳಕ್ಕೆ ರೇಸ್ ಬಿಟ್ಟು ಕೂತಾಂಸ್ ಊರಿನ ಕೆಫೆಯಲ್ಲಿ ಕೂತಿದ್ದಾನೆ. ಲೋಂದ್ರನ ಎದುರಿಗೆ ಚೀಲ ಬಿಚ್ಚಿ, ಕಣ್ಣಿಗೆ ಕೊಕೇನು, ಒಸಡಿಗೆ ಕ್ಲೋರೋಫಾರ್ಮ್, ಆಮೇಲೆ ಮಾತ್ರೆಗಳು ಅಂತ ತೋರಿಸುತ್ತಾನೆ. 157 ಜನ ಹೊರಟ ಆ ರೇಸಿನಲ್ಲಿ ಮುಗಿಸಿದವರು 60. ಇಂಥ ಸರಕು ಸಿಕ್ಕರೆ ಬರೆಯುವವನು ಅಡ್ಡ ಬರದಿದ್ದರೆ ಸಾಕು.

ಸಾವಿನ ಅಧ್ಯಾಯಕ್ಕೆ ಒತ್ತಡ ಬಂತು. 1932ರ ಮೇ 16, ಚೀನಾದಿಂದ ಮರಳುವಾಗ ಏಡನ್ ಕೊಲ್ಲಿಯಲ್ಲಿ ‘ಜಾರ್ಜ್ ಫಿಲಿಪಾರ್’ ಹಡಗಿಗೆ ಬೆಂಕಿ. ಹಡಗಿನ ಮೊದಲ ಯಾನವದು. ಲೋಂದ್ರನೂ ಹೋದ, ಚೀನಾದ ಟಿಪ್ಪಣಿಯೂ ಹೋಯಿತು. ಹಡಗಿನಲ್ಲಿ ಅವನ ಜತೆಗಿದ್ದ ಲಾಂಗ್-ವಿಲಾರ್ ದಂಪತಿ ಬದುಕಿ ಬಂದರು, ಕೆಲವೇ ದಿನಕ್ಕೆ ವಿಮಾನ ಬಿದ್ದು ಅವರೂ ಸತ್ತರು. "ಇದು ಸಂಚೇ, ಇಪ್ಪತ್ತು ಪುಟ ಬರೆಯಿರಿ, ಮಾರಾಟ ಎರಡು ಪಟ್ಟು ಆಗುತ್ತೆ" ಅಂದರು ಕೆಲವರು. ಸಂಚಿಗೆ ಪುರಾವೆ ಇಲ್ಲ. ನಾಲ್ಕೇ ಪುಟ ಬರೆದು, ಮಗಳು ಫ್ಲೋರೀಸ್ ಅಪ್ಪನ ಹೆಸರಿನಲ್ಲಿ ಶುರು ಮಾಡಿದ ಪ್ರಶಸ್ತಿಗೆ ಬಂದು ನಿಲ್ಲಿಸಿದೆ. 1933ರಿಂದ ಇವತ್ತಿಗೂ ಅದು ಫ್ರಾನ್ಸಿನ ಪತ್ರಕರ್ತರಿಗೆ ದೊಡ್ಡ ಗೌರವ.

ಮಸುಕಾದ ಪುಟದಿಂದ ಅಕ್ಷರ ಎತ್ತಲು ನಾನು ಕಂಡುಕೊಂಡ ಉಪಾಯ ಒಂದಿದೆ. ಹೆಸರಿಲ್ಲದ ಹಳೇ ವರದಿಗಳಲ್ಲಿ ಇವನ ಕೈ ಯಾವುದು ಎಂದು ಗುರುತಿಸಲು ಇನ್ನೊಂದು. ಅವೆರಡನ್ನೂ ಈಗ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು. ಎರಡನೇ ಮುದ್ರಣ 300 ಪ್ರತಿ ಹಾಕಿಸುತ್ತಿದ್ದೇನೆ. ನಕಾಶೆ ಸೇರಿಸುವುದರಿಂದ ಬೆಲೆ ಇಪ್ಪತ್ತು ರೂಪಾಯಿ ಏರುತ್ತದೆ.