ರಿಡ್ಯೂಸರ್ ಹಾಕಿದ ಮೇಲೆ ಗೈಡಿಂಗ್ ಹೊಂದಿಸುವುದು ಹೇಗೆ?

ಎಂಟು ಇಂಚಿನ ಶ್ಮಿಟ್-ಕ್ಯಾಸೆಗ್ರೇನ್ ದೂರದರ್ಶಕದ ಫೋಕಲ್ ಲೆಂತ್ 2032 ಮಿ.ಮೀ. ಗ್ರಹಗಳಿಗೆ ಇದು ಸೊಗಸು. ಆದರೆ ಸುಮಾರು 23 ಮಿ.ಮೀ. ಉದ್ದದ ಸೆನ್ಸರ್ ಇರುವ ಎಪಿಎಸ್-ಸಿ ಕ್ಯಾಮೆರಾ ಹಾಕಿದರೆ ಉದ್ದಕ್ಕೆ ಮುಕ್ಕಾಲು ಡಿಗ್ರಿ ಆಕಾಶವೂ ಸಿಗುವುದಿಲ್ಲ. ಸುಮಾರು ಒಂದು ಡಿಗ್ರಿ ಹರಡಿರುವ ಮಹಾವ್ಯಾಧನ ನೀಹಾರಿಕೆಯ ಅಂಚು ಕತ್ತರಿಸಿ ಹೋಗುತ್ತದೆ. ಫೋಕಲ್ ಲೆಂತ್ ಕುಗ್ಗಿಸುವ ಮಸೂರ, ಅಂದರೆ 0.63 ಫೋಕಲ್ ರಿಡ್ಯೂಸರ್, ಸೇರಿಸಿದರೆ ಫೋಕಲ್ ಲೆಂತ್ 1280 ಮಿ.ಮೀ.ಗೆ ಇಳಿಯುತ್ತದೆ, ಉದ್ದಕ್ಕೆ ಒಂದು ಡಿಗ್ರಿ ದಾಟುತ್ತದೆ. ಎಫ್/10 ಇದ್ದದ್ದು ಎಫ್/6.3 ಆಗುವುದರಿಂದ, ನೀಹಾರಿಕೆಗೆ 5 ನಿಮಿಷ ಬೇಕಿದ್ದ ಎಕ್ಸ್‌ಪೋಷರ್ 2 ನಿಮಿಷಕ್ಕೇ ಸಾಕು.

ರಿಡ್ಯೂಸರ್ ತಿರುಗಿಸಿ ಕೂರಿಸುವುದು ಸುಲಭ. ಆದರೆ ಅದು ಬಂದ ಕೂಡಲೇ ಗೈಡಿಂಗ್‌ನ, ಅಂದರೆ ಎರಡನೇ ಪುಟ್ಟ ಕ್ಯಾಮೆರಾ (ಗೈಡ್ ಕ್ಯಾಮೆರಾ) ಒಂದು ನಕ್ಷತ್ರವನ್ನು ನೋಡುತ್ತಾ ದೂರದರ್ಶಕದ ಚಲನೆ ತಿದ್ದುವುದರ, ಲೆಕ್ಕವೂ ಬದಲಾಗುತ್ತದೆ. ಬಹಳ ಜನ ಬಿಟ್ಟುಬಿಡುವುದು ಇದನ್ನೇ.

ಮೊದಲು, ಆ ಕ್ಯಾಮೆರಾಗೆ ಬೇರೆ ಪುಟ್ಟ ದೂರದರ್ಶಕ (ಗೈಡ್ ಸ್ಕೋಪ್) ಇಡಬೇಕೋ, ಮುಖ್ಯ ದೂರದರ್ಶಕದ ಬೆಳಕನ್ನೇ ಹಂಚಿಕೊಳ್ಳುವ ಆಫ್-ಆಕ್ಸಿಸ್ ಗೈಡರ್ ಹಾಕಬೇಕೋ? ಈ ಬಗೆಯ ದೂರದರ್ಶಕಕ್ಕೆ ಎರಡನೆಯದೇ ಸರಿ ಅನ್ನುತ್ತೇನೆ. ಇದರಲ್ಲಿ ಫೋಕಸ್ ಆಗುವುದು ಒಳಗಿನ ದೊಡ್ಡ ಕನ್ನಡಿ ಸರಿದು. ದೂರದರ್ಶಕ ತಿರುಗುತ್ತಾ ಹೋದಂತೆ ಆ ಕನ್ನಡಿ ಕೂದಲೆಳೆಯಷ್ಟು ವಾಲುತ್ತದೆ. ಮೇಲೆ ಕೂತ ಗೈಡ್ ಸ್ಕೋಪ್‌ಗೆ ಅದು ಗೊತ್ತೇ ಆಗುವುದಿಲ್ಲ. ಗೈಡಿಂಗ್ ದೋಷದ ಗ್ರಾಫ್ ನೇರವಾಗಿರುತ್ತದೆ, ಚಿತ್ರದಲ್ಲಿ ಮಾತ್ರ ನಕ್ಷತ್ರಗಳು ಉದ್ದಕ್ಕೆ ಎಳೆದುಕೊಂಡಿರುತ್ತವೆ. ಆಫ್-ಆಕ್ಸಿಸ್ ಗೈಡರ್‌ನ ಪುಟ್ಟ ಪ್ರಿಸಂ ಅದೇ ಬೆಳಕಿನ ಅಂಚಿನಿಂದ ನಕ್ಷತ್ರ ಹಿಡಿಯುವುದರಿಂದ, ಕನ್ನಡಿ ಅಲುಗಿದರೆ ಅದಕ್ಕೂ ತಿಳಿಯುತ್ತದೆ.

ಜೋಡಿಸುವ ಕ್ರಮ ಹೀಗೆ: ದೂರದರ್ಶಕ, ರಿಡ್ಯೂಸರ್, ಆಫ್-ಆಕ್ಸಿಸ್ ಗೈಡರ್, ಕೊನೆಗೆ ಕ್ಯಾಮೆರಾ. ಗೈಡರ್ ರಿಡ್ಯೂಸರ್‌ಗಿಂತ ಮುಂದೆ ಬರಬಾರದು. ಬಂದರೆ ಎರಡು ಕ್ಯಾಮೆರಾಗಳ ಫೋಕಸ್ ಒಂದೇ ಕಡೆ ಕೂರಿಸುವುದು ಕಷ್ಟ.

ಈಗ ಅಂತರದ ವಿಷಯ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಸೆಲೆಸ್ಟ್ರಾನ್‌ನ ಎಫ್/6.3 ರಿಡ್ಯೂಸರ್‌ನ ಹಿಂಬದಿಯಿಂದ ಸೆನ್ಸರ್‌ವರೆಗೆ 105 ಮಿ.ಮೀ. ಇರಬೇಕು. ಕ್ಯಾಮೆರಾದೊಳಗೆ ಸೆನ್ಸರ್ 17.5 ಮಿ.ಮೀ. ಆಳದಲ್ಲಿದೆ, ಗೈಡರ್ 16.5 ಮಿ.ಮೀ. ದಪ್ಪ ಇದೆ ಅಂತಿಟ್ಟುಕೊಳ್ಳಿ. ಉಳಿದ 71 ಮಿ.ಮೀ. ಸ್ಪೇಸರ್‌ಗಳಿಂದ ತುಂಬಬೇಕು. ಮಧ್ಯೆ ಫಿಲ್ಟರ್ ಇದ್ದರೆ ಅದರ ಗಾಜಿನ ದಪ್ಪದ ಮೂರನೇ ಒಂದು ಭಾಗ ಸೇರಿಸಿ. 2 ಮಿ.ಮೀ. ಗಾಜಿಗೆ ಸುಮಾರು 0.7 ಮಿ.ಮೀ. ಆಯಿತು. ಅಂತರ ಹೆಚ್ಚಾದರೆ ರಿಡ್ಯೂಸರ್ ಇನ್ನೂ ಜಾಸ್ತಿ ಕುಗ್ಗಿಸುತ್ತದೆ, ಮೂಲೆಯ ನಕ್ಷತ್ರಗಳು ಕೆಡುತ್ತವೆ.

ಪ್ರಿಸಂ ಅನ್ನು ಸೆನ್ಸರ್‌ನ ಉದ್ದ ಬದಿಯ ಕಡೆಗೆ ತಿರುಗಿಸಿ. ಆ ಬದಿ ನಡುವಿಗೆ ಹತ್ತಿರ, ಹಾಗಾಗಿ ಗೈಡ್ ನಕ್ಷತ್ರ ಅಷ್ಟು ವಿಕಾರವಾಗುವುದಿಲ್ಲ.

ಎರಡು ಕ್ಯಾಮೆರಾಗಳ ಫೋಕಸ್ ಹೊಂದಿಸುವುದು ಹಗಲಲ್ಲೇ ಆಗಲಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಗೋಪುರ ಇದೆ. ಮಂಡ್ಯದವರು ಬಯಲಿನಾಚೆಯ ನೀರಿನ ಟ್ಯಾಂಕೋ ಮೊಬೈಲ್ ಟವರೋ ಹಿಡಿಯಬಹುದು. ಮುಖ್ಯ ಕ್ಯಾಮೆರಾದಲ್ಲಿ ಮೊದಲು ಚೊಕ್ಕವಾಗಿ ಫೋಕಸ್ ಮಾಡಿ. ಆಮೇಲೆ ಆ ನಾಬ್ ಮುಟ್ಟದೆ, ಗೈಡ್ ಕ್ಯಾಮೆರಾವನ್ನು ಅದರ ಕೊಳವೆಯಲ್ಲೇ ಒಳಗೆ ಹೊರಗೆ ಸರಿಸಿ, ಗೋಪುರದ ಅಂಚು ಅಲ್ಲೂ ಸ್ಪಷ್ಟವಾದಾಗ ಸ್ಕ್ರೂ ಬಿಗಿ ಮಾಡಿ. ಸೂರ್ಯನ ಹತ್ತಿರಕ್ಕೂ ದೂರದರ್ಶಕ ತಿರುಗಿಸಬೇಡಿ.

ರಾತ್ರಿ ಗೈಡಿಂಗ್ ನಡೆಸುವ ಪಿಎಚ್‌ಡಿ2 ತಂತ್ರಾಂಶದಲ್ಲಿ ಹೊಸ ಪ್ರೊಫೈಲ್ ಮಾಡಿ, ಫೋಕಲ್ ಲೆಂತ್ 2032 ತೆಗೆದು 1280 ಹಾಕಿ. ಹಳೆಯ ಅಂಕಿಯೇ ಉಳಿದರೆ ತಂತ್ರಾಂಶ ತೋರಿಸುವ ಆರ್ಕ್‌ಸೆಕೆಂಡ್‌ಗಳೆಲ್ಲ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ತಪ್ಪು. ಬೇರೆ ಗೈಡ್ ಸ್ಕೋಪ್ ಇಟ್ಟವರಿಗೆ ಈ ಬದಲಾವಣೆ ಬೇಡ, ಅವರ ಗೈಡ್ ಸ್ಕೋಪ್‌ಗೆ ರಿಡ್ಯೂಸರ್ ಬಂದಿಲ್ಲವಲ್ಲ. ಅಂತರದಲ್ಲಿ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಒಂದು ಚಿತ್ರ ತೆಗೆದು ಪ್ಲೇಟ್ ಸಾಲ್ವ್ ಮಾಡಿ (ಚಿತ್ರದ ನಕ್ಷತ್ರಗಳನ್ನು ನಕ್ಷತ್ರಪಟ್ಟಿಯೊಂದಿಗೆ ತಂತ್ರಾಂಶ ಹೋಲಿಸಿ ಅಳೆಯುವುದು), ಅದು ಕೊಡುವ ನಿಜವಾದ ಅಂಕಿಯನ್ನೇ ಹಾಕಿ.

ಕ್ಯಾಲಿಬ್ರೇಶನ್, ಅಂದರೆ ದೂರದರ್ಶಕ ಸರಿದಾಗ ಗೈಡ್ ನಕ್ಷತ್ರ ಯಾವ ಕಡೆ, ಎಷ್ಟು ಸರಿಯುತ್ತದೆಂದು ತಂತ್ರಾಂಶ ತಿಳಿದುಕೊಳ್ಳುವುದು, ಕೂಡ ಹೊಸದಾಗಿ ಆಗಬೇಕು. ಶಿಫ್ಟ್ ಒತ್ತಿ ಹಿಡಿದು ಗೈಡ್ ಗುಂಡಿ ಒತ್ತಿದರೆ ಹಳೆಯದನ್ನು ಬಿಟ್ಟು ಮತ್ತೆ ಶುರು ಮಾಡುತ್ತದೆ. ಇದನ್ನು ಖಗೋಳ ವಿಷುವದ್ವೃತ್ತದ ಹತ್ತಿರ ಮಾಡುವುದು ಒಳ್ಳೆಯದು, ಮತ್ತು ಇಲ್ಲಿ ನಾವು ಅದೃಷ್ಟವಂತರು. ಮೈಸೂರು ಸುಮಾರು 12.3 ಡಿಗ್ರಿ ಉತ್ತರದಲ್ಲಿದೆ, ಹಾಗಾಗಿ ಆ ವೃತ್ತ ನೆತ್ತಿಗೆ 12 ಡಿಗ್ರಿ ದಕ್ಷಿಣಕ್ಕೇ ಹಾದುಹೋಗುತ್ತದೆ. ಫೆಬ್ರವರಿಯ ಸಂಜೆ ಮಹಾವ್ಯಾಧನ ನಡುಪಟ್ಟಿ ಅಲ್ಲೇ ಇರುತ್ತದೆ. ಆದರೆ ಇದೇ ಕಾರಣಕ್ಕೆ ಧ್ರುವ ನಕ್ಷತ್ರ ಇಲ್ಲಿ ತೀರಾ ಕೆಳಗೆ, ಎದುರು ಮನೆಯ ತೆಂಗಿನ ಮರದ ಹಿಂದೆ. ದೂರದರ್ಶಕ ತಿರುಗುವ ಅಕ್ಷವನ್ನು ಧ್ರುವಕ್ಕೆ ಹೊಂದಿಸಲು ಅದು ಕಾಣದಿದ್ದರೆ, ನಕ್ಷತ್ರ ಜಾರುವುದನ್ನು ನೋಡಿ ಹೊಂದಿಸುವ, ಪಿಎಚ್‌ಡಿ2ನಲ್ಲಿರುವ ಡ್ರಿಫ್ಟ್ ಅಲೈನ್ ಬಳಸಿ. ನಿಧಾನ, ಆದರೆ ನಂಬಬಹುದು.

3.76 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮೆರಾಗೆ ರಿಡ್ಯೂಸರ್ ಇಲ್ಲದಾಗ ಒಂದು ಪಿಕ್ಸೆಲ್ ಅಂದರೆ 0.38 ಆರ್ಕ್‌ಸೆಕೆಂಡ್, ಹಾಕಿದ ಮೇಲೆ 0.6. ಗೈಡಿಂಗ್ ದೋಷ ಈ 0.6ರೊಳಗೆ ಉಳಿದರೆ ನಕ್ಷತ್ರಗಳು ದುಂಡಗೆ ಬರುತ್ತವೆ. ನಾಲೆಯ ನೀರು ಹರಿಯುವ ಮಂಡ್ಯ ಕಡೆಯ ಗದ್ದೆ ಬಯಲಲ್ಲಿ ಚಳಿಗಾಲದ ಇಬ್ಬನಿ ಜೋರು. ಮುಂದಿನ ಗಾಜಿಗೆ ಡ್ಯೂ ಹೀಟರ್ ಪಟ್ಟಿ ಸುತ್ತದಿದ್ದರೆ ಗೈಡ್ ನಕ್ಷತ್ರ ಮಂಕಾಗುತ್ತಾ ಕೊನೆಗೆ ಕಳೆದೇ ಹೋಗುತ್ತದೆ.

ಕೊನೆಗೆ ಒಂದು ಫ್ಲಾಟ್ ಫ್ರೇಮ್ (ಎಲ್ಲೆಡೆ ಸಮನಾದ ಬೆಳಕಿನ ಚಿತ್ರ) ತೆಗೆದು ನೋಡಿ. ಉದ್ದ ಬದಿಯಲ್ಲಿ ಚೌಕಾಕಾರದ ಮಸುಕು ನೆರಳು ಕಂಡರೆ ಪ್ರಿಸಂ ಒಳಗೆ ಜಾಸ್ತಿ ಇಳಿದಿದೆ ಅಂತ ಅರ್ಥ. ಒಂದೆರಡು ಮಿ.ಮೀ. ಮೇಲಕ್ಕೆ ಎಳೆದು, ಗೈಡ್ ಕ್ಯಾಮೆರಾದ ಫೋಕಸ್ ಮತ್ತೊಮ್ಮೆ ಸರಿಮಾಡಿ.